ಕಣ್ಣು ಹೋಗದ ಕಡೆ ಕೈ ಹೋಗಬಾರದು!

"ಅಜ್ಜೀ, ಕ್ಯಾಷ್ ಹುಡುಕೋಕೆ ಹೋಗೋಣ ಬಾ!"

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಗೆ ನಾನು ಹೋಗಿ ನಾಲ್ಕು ದಿನವಾಗಿತ್ತಷ್ಟೆ. ಹತ್ತು ವರ್ಷದ ಮೊಮ್ಮಗ ಬೆಳಿಗ್ಗೆಯೇ ಬೂಟು ಹಾಕಿಕೊಂಡು ಬಂದು ಹೀಗೆಂದಾಗ ನನಗೆ ನಗು ತಡೆಯಲಾಗಲಿಲ್ಲ. ಕ್ಯಾಷ್ ಎಂದರೆ ದುಡ್ಡು ಎಂದೇ ತಿಳಿದವಳು ನಾನು. "ನಿಮ್ಮೂರಲ್ಲಿ ದುಡ್ಡು ದಾರೀಲೇ ಬಿದ್ದಿರತ್ತೇನೋ ಪುಟ್ಟಾ?" ಅಂದೆ.

ಚಪಾತಿ ಲಟ್ಟಿಸುತ್ತಿದ್ದ ಮಗಳು ನಕ್ಕಳು. "ದುಡ್ಡಲ್ಲಮ್ಮ, ಇದು ಬೇರೆ ಕ್ಯಾಷ್. ಬಚ್ಚಿಟ್ಟ ಡಬ್ಬಿ. ಜಿಯೋಕ್ಯಾಷಿಂಗ್ ಅಂತ ಒಂದು ಆಟ. ನೀನೂ ಬಾ, ಕಾಲಿಗೆ ಒಂದಿಷ್ಟು ನಡಿಗೆಯಾಗತ್ತೆ."

ಹೋದೆ. ಆ ದಿನ ನಡೆದದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ನಿಮ್ಮ ಮಕ್ಕಳು, ಮೊಮ್ಮಕ್ಕಳೂ ಹೊರದೇಶದಲ್ಲಿರಬಹುದು, ಈ ಆಟ ಆಡುತ್ತಿರಬಹುದು. ಅದಕ್ಕೇ ಇದನ್ನು ನಿಮ್ಮೊಡನೆ ಹೇಳಿಕೊಳ್ಳಬೇಕೆನಿಸಿತು.

ಏನಿದು ಆಟ?

ನಾವೆಲ್ಲ ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡಿದವರೇ. ಇದರಲ್ಲಿ ಅಡಗುವುದು ಮನುಷ್ಯರಲ್ಲ, ಡಬ್ಬಿ. ಒಬ್ಬರು ಗುಡ್ಡದಲ್ಲೋ ಪಾರ್ಕಿನಲ್ಲೋ ಡಬ್ಬಿ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸುತ್ತಾರೆ. ಮಿಕ್ಕವರು ಮೊಬೈಲು ಹಿಡಿದು, ಜಿ.ಪಿ.ಎಸ್. ತೋರಿಸಿದ ದಾರಿಯಲ್ಲಿ ಹುಡುಕುತ್ತಾರೆ. ಸಿಕ್ಕರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಮಕ್ಕಳಿಗೆ ಚಿಕ್ಕಪುಟ್ಟ ಆಟಿಕೆಗಳೂ ಇರುವುದುಂಟು. ಒಂದು ತೆಗೆದುಕೊಂಡರೆ ಅದಕ್ಕೆ ಸಮನಾದ ಇನ್ನೊಂದು ಇಡಬೇಕು.

ಜನಸಾಮಾನ್ಯರಿಗೆ ದೊರಕುತ್ತಿದ್ದ ಜಿ.ಪಿ.ಎಸ್. ಸಂಕೇತವನ್ನು ಅಮೆರಿಕ ಸರ್ಕಾರ ಮೊದಲು ಬೇಕೆಂದೇ ಮಸುಕಾಗಿಸಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿತು. ಮೇ 3ರಂದೇ ಡೇವ್ ಉಲ್ಮರ್ ಎಂಬುವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಅಡಗಿಸಿಟ್ಟರು. ಆಟ ಹುಟ್ಟಿದ್ದು ಹಾಗೆ. ಪುಸ್ತಕ, ವಿಡಿಯೋಗಳ ಜೊತೆ ಆ ಬಕೆಟ್‌ನಲ್ಲಿ ಬೇಯಿಸಿದ ಕಾಳಿನ ಒಂದು ಡಬ್ಬವೂ ಇತ್ತಂತೆ! ಇಂದು ತಿನ್ನುವ ಪದಾರ್ಥ ಇಡುವಂತಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಈಗ ಪ್ರಪಂಚದಲ್ಲಿ ಇಂಥ ಡಬ್ಬಿಗಳು ಮೂವತ್ತು ಲಕ್ಷಕ್ಕೂ ಹೆಚ್ಚು.

ಆ ಕಲ್ಲಿನ ಗುಡ್ಡೆ

ಏಪ್ರಿಲ್ ತಿಂಗಳ ಎಳೆಬಿಸಿಲು. ಗುಡ್ಡದ ಹುಲ್ಲೆಲ್ಲ ಹಸಿರು. ಒಂದು ಮೈಲಿ ನಡೆದಿರಬೇಕು, ಮೊಮ್ಮಗ ಮೊಬೈಲು ನೋಡಿ "ಇಲ್ಲೇ, ಇಲ್ಲೇ!" ಎಂದು ಕುಣಿದ. ಎದುರಿಗೆ ಬಿದ್ದ ಮರವೊಂದರ ಬುಡದಲ್ಲಿ ಚಪ್ಪಟೆ ಕಲ್ಲುಗಳ ಗುಡ್ಡೆ. ಯಾರೋ ಜೋಡಿಸಿಟ್ಟದ್ದೆಂದು ನೋಡಿದರೇ ತಿಳಿಯುತ್ತಿತ್ತು. ಹುಡುಗ ಮಂಡಿಯೂರಿ ಸಂದಿಗೆ ಕೈ ಹಾಕಲು ಹೊರಟ.

"ತಡಿಯೋ! ಕೈ ಹಾಕ್ಬೇಡ!"

ನನ್ನ ಕೂಗಿಗೆ ನಾನೇ ಬೆಚ್ಚಿದೆ. ಅಳಿಯಂದಿರು, ಮಗಳು ಇಬ್ಬರೂ ತಿರುಗಿ ನೋಡಿದರು. ನಾನು ಅಲ್ಲೇನೂ ಕಂಡಿರಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ತೀರ್ಥಹಳ್ಳಿ ಕಡೆಯ ನನ್ನ ತವರುಮನೆಯ ಸೌದೆ ಕೊಟ್ಟಿಗೆ.

ನನಗಾಗ ಎಂಟೋ ಒಂಬತ್ತೋ ವರ್ಷ. ಪಕ್ಕದ ಮನೆಯ ಅಕ್ಕ ಮುಸ್ಸಂಜೆ ಒಲೆಗೆಂದು ಸೌದೆ ಎಳೆಯಲು ರಾಶಿಯೊಳಗೆ ಕೈ ಹಾಕಿದರು. ಕೊಳಕುಮಂಡಲ ಕಚ್ಚಿತು. ತೋಳಿಗೆ ಹಗ್ಗ ಬಿಗಿದು ಕಟ್ಟಿ, ಮಂತ್ರ ಹಾಕಿಸಲು ಕರೆದೊಯ್ದರು. ಆಸ್ಪತ್ರೆ ಸೇರುವಾಗ ಮರುದಿನ ಮಧ್ಯಾಹ್ನ. ಜೀವವೇನೋ ಉಳಿಯಿತು, ಬಲಗೈ ಉಳಿಯಲಿಲ್ಲ. ಆಮೇಲೆ ಎಡಗೈಯಲ್ಲೇ ಅವರು ರೊಟ್ಟಿ ತಟ್ಟುವುದನ್ನು ನೋಡಿಕೊಂಡೇ ನಾನು ಬೆಳೆದೆ. "ಕಣ್ಣು ಹೋಗದ ಕಡೆ ಕೈ ಹೋಗಬಾರದು ಕಣೇ" ಎಂದು ಅಮ್ಮ ದಿನಕ್ಕೊಂದು ಸಲ ಹೇಳುತ್ತಿದ್ದರು.

ಮೊಮ್ಮಗನ ಮುಖ ಬಾಡಿತು. "ಏನೂ ಇಲ್ಲ ಅಜ್ಜಿ!" ಎಂದ. ಅಳಿಯಂದಿರು ಅವನನ್ನು ಹಿಂದಕ್ಕೆ ಕರೆದು, ದೂರದಲ್ಲೇ ನಿಂತು ಊರುಗೋಲಿನಿಂದ ಮೇಲಿನ ಕಲ್ಲನ್ನು ತಟ್ಟಿದರು. ಆಗ ಕೇಳಿಸಿತು ನೋಡಿ, ಕಾದ ಎಣ್ಣೆಗೆ ಒದ್ದೆ ಸೊಪ್ಪು ಹಾಕಿದಂಥ ಶಬ್ದ! ನಾವೆಲ್ಲ ಮಾತಿಲ್ಲದೆ ಹಿಂದೆ ಸರಿದೆವು. ಸಂದಿಯಲ್ಲಿ ಕಂದುಬಣ್ಣದ ಸುರುಳಿ ಕಂಡಿತು. ರ‍್ಯಾಟಲ್ ಸ್ನೇಕ್, ಅಂದರೆ ಗಿಲಕಿ ಹಾವು.

ಡಬ್ಬಿಯನ್ನು ಮುಟ್ಟದೆ ಮನೆಗೆ ಬಂದೆವು. ದಾರಿಯುದ್ದಕ್ಕೂ ಹುಡುಗ ನನ್ನ ಕೈ ಬಿಡಲಿಲ್ಲ. ಮಗಳು ಅಂದೇ ಆ ಡಬ್ಬಿಯ ಪುಟದಲ್ಲಿ "ಇಲ್ಲಿ ಹಾವಿದೆ, ಕೈ ಹಾಕಬೇಡಿ" ಎಂದು ಬರೆದಳು. ವಾರದೊಳಗೆ ಡಬ್ಬಿ ಇಟ್ಟವರು ಅದನ್ನು ಬೇರೆಡೆಗೆ ಸಾಗಿಸಿದರು.

ಅಡಗಲು ನಮಗೆ ಹಿತ, ಅವಕ್ಕೂ ಹಿತ

ಹಾವು ಅಲ್ಲೇ ಏಕಿತ್ತು? ಯೋಚಿಸಿದರೆ ಆಶ್ಚರ್ಯವೇನಿಲ್ಲ. ಡಬ್ಬಿ ಇಡುವವರು ಯಾರ ಕಣ್ಣಿಗೂ ಬೀಳದ, ಮಳೆ ನೀರು ತಾಗದ, ಕತ್ತಲ ಸಂದಿಯನ್ನು ಹುಡುಕುತ್ತಾರೆ. ಹಾವು, ಜೇಡ, ಕಣಜಗಳು ಹುಡುಕುವುದೂ ಅದೇ ಸಂದಿಯನ್ನು. ಹೀಗಾಗಿ ಈ ಆಟದಲ್ಲಿ ಕೈ ಹೋಗುವ ಜಾಗವೂ ಅವುಗಳ ಮನೆಯೂ ಒಂದೇ ಆಗಿಬಿಡುತ್ತದೆ.

ಗಿಲಕಿ ಹಾವು ನಮ್ಮ ಮಂಡಲದ ಹಾವಿನ ಕುಟುಂಬದ್ದೇ. ಬಾಲದ ತುದಿಯಲ್ಲಿ ಉಗುರಿನಂಥ ಪದಾರ್ಥದ ಬಳೆಗಳಿರುತ್ತವೆ. ಅವನ್ನು ಅದುರಿಸಿ "ದೂರ ಹೋಗು" ಎಂದು ಎಚ್ಚರಿಸುತ್ತದೆ. ಆದರೆ ಪ್ರತಿ ಸಲವೂ ಗಿಲಕಿ ಆಡಿಸುತ್ತದೆಂಬ ಭರವಸೆಯಿಲ್ಲ. ಸದ್ದಿಲ್ಲವೆಂದರೆ ಹಾವಿಲ್ಲ ಎಂದಲ್ಲ! ಹಾವು ತನ್ನ ಉದ್ದದ ಅರ್ಧದಷ್ಟು ದೂರಕ್ಕೆ ಎಗರಿ ಕಚ್ಚಬಲ್ಲದು.

ಬ್ಲ್ಯಾಕ್ ವಿಡೋ ಎಂಬ ಹೊಳೆಯುವ ಕಪ್ಪು ಜೇಡವೂ ಅಲ್ಲುಂಟು. ಹೊಟ್ಟೆಯ ಕೆಳಗೆ ಡಮರುವಿನಾಕಾರದ ಕೆಂಪು ಗುರುತು. ಡಬ್ಬಿಯ ಅಡಿ, ದೀಪದ ಕಂಬದ ಬುಡದ ಮುಚ್ಚಳದೊಳಗೆ ಅಡ್ಡಾದಿಡ್ಡಿ ಬಲೆ ನೇಯ್ದು ಕೂತಿರುತ್ತದೆ. ಅದು ಕಚ್ಚಿ ಸಾಯುವುದು ತೀರ ಅಪರೂಪ, ಆದರೆ ಮಾಂಸಖಂಡಗಳೆಲ್ಲ ಹಿಡಿದುಕೊಂಡು ಸಹಿಸಲಾರದ ನೋವಾಗುತ್ತದೆ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಅಪಾಯ ಹೆಚ್ಚು.

ಹುಲ್ಲಿನಲ್ಲಿ ಉಣುಗು ಇರುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಅಮೆರಿಕದಲ್ಲಿ ಅದು ಲೈಮ್ ಎಂಬ ಬೇರೊಂದು ರೋಗ ತರುತ್ತದೆ.

ಆಸ್ಟ್ರೇಲಿಯಾದಲ್ಲಿ ಮಕ್ಕಳಿರುವವರು ಎರಡು ಜೇಡಗಳ ಹೆಸರು ನೆನಪಿಡಿ. ಬೆನ್ನ ಮೇಲೆ ಕೆಂಪು ಪಟ್ಟೆಯಿರುವ ರೆಡ್‌ಬ್ಯಾಕ್ ಒಂದು. ಸಿಡ್ನಿ ಸುತ್ತಿನ ಫನಲ್‌ವೆಬ್ ಇನ್ನೊಂದು. ಎರಡನೆಯದು ತುಂಬ ಅಪಾಯಕಾರಿ. 1981ರಲ್ಲಿ ಅದಕ್ಕೆ ಪ್ರತಿವಿಷ ಬಂದ ಮೇಲೆ ಸಾವುಗಳು ನಿಂತಿವೆ.

ಆಟ ಬಿಡಬೇಕೇ?

ಖಂಡಿತ ಬೇಡ. ಮಕ್ಕಳು ಮೊಬೈಲು ಹಿಡಿದು ಸೋಫಾದಲ್ಲಿ ಕೂರುವ ಬದಲು ಗುಡ್ಡ ಹತ್ತುತ್ತಾರೆಂದರೆ ಸಂತೋಷವೇ ಅಲ್ಲವೆ? ಒಲೆಯ ಮುಂದೆ ತೋರುವ ಎಚ್ಚರವನ್ನು ಇಲ್ಲಿಯೂ ತೋರಿದರೆ ಸಾಕು.

* ಸಂದಿ, ಪೊಟರೆ, ಕಲ್ಲಿನ ಅಡಿಗೆ ಬರಿಗೈ ಹಾಕಬೇಡಿ. ಮೊದಲು ಟಾರ್ಚು ಬಿಟ್ಟು ನೋಡಿ, ಉದ್ದನೆಯ ಕೋಲಿನಿಂದ ತಟ್ಟಿ. ಹಾವು ಕಂಡರೆ ಕೋಲೂ ಬೇಡ, ಹಿಂದೆ ಸರಿಯಿರಿ.
* ದಪ್ಪ ಕೈಚೀಲ, ಕಣಕಾಲು ಮುಚ್ಚುವ ಬೂಟು, ಉದ್ದ ಪ್ಯಾಂಟು ಹಾಕಿಸಿ.
* ಬಿದ್ದ ಮರವನ್ನು ದಾಟುವಾಗ ಮೊದಲು ಅದರ ಮೇಲೆ ನಿಂತು ಆಚೆ ನೋಡಿ, ಅನಂತರ ಕಾಲಿಡಿ.
* ಮಕ್ಕಳನ್ನು ಒಂಟಿಯಾಗಿ ಮುಂದೆ ಬಿಡಬೇಡಿ. ಡಬ್ಬಿ ತೆಗೆಯುವುದು ದೊಡ್ಡವರ ಕೆಲಸ, ತೆರೆಯುವುದು ಮಕ್ಕಳ ಕೆಲಸ ಎಂದಿರಲಿ.
* ಹೊರಡುವ ಮುನ್ನ ಡಬ್ಬಿಯ ಪುಟ ಓದಿ. ಅಪಾಯಕಾರಿ ಪ್ರಾಣಿ, ಉಣುಗು, ವಿಷಸಸ್ಯಗಳಿಗೆ ಅಲ್ಲಿ ಗುರುತುಗಳಿರುತ್ತವೆ.
* ಮನೆಗೆ ಬಂದೊಡನೆ ಕಿವಿಯ ಹಿಂದೆ, ಕಂಕುಳು, ಸೊಂಟದಲ್ಲಿ ಉಣುಗು ಹುಡುಕಿ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿ ಬೇಡ.

ಡಬ್ಬಿ ಇಡುವವರಿಗೂ ಒಂದು ಮಾತು. ತಿಂಡಿ, ಸುವಾಸನೆಯ ಸೋಪು, ಮೇಣದ ಬತ್ತಿ ಒಳಗಿಡಬೇಡಿ. ವಾಸನೆಗೆ ಪ್ರಾಣಿಗಳು ಬಂದು ಡಬ್ಬಿಯನ್ನೇ ಕಚ್ಚಿ ಹರಿಯುತ್ತವೆ. ಅವುಗಳ ಹಿಂದೆಯೇ ಮಗುವಿನ ಕೈ ಬರುತ್ತದೆಂಬುದು ನೆನಪಿರಲಿ. ಕಲ್ಲಿನ ಬುಡಕ್ಕಿಂತ ಕಣ್ಣಿಗೆ ಕಾಣುವ ಎತ್ತರ ಮೇಲು.

ಒಂದು ವೇಳೆ ಕಚ್ಚಿದರೆ

ಗಿಲಕಿ ಹಾವು ಕಚ್ಚಿದರೆ ಕೂಡಲೇ 911ಕ್ಕೆ ಫೋನು ಮಾಡಬೇಕು. ಕಚ್ಚಿಸಿಕೊಂಡವರನ್ನು ಓಡಾಡಿಸಬೇಡಿ, ಧೈರ್ಯ ಹೇಳಿ. ಊದಿಕೊಳ್ಳುವ ಮೊದಲೇ ಉಂಗುರ, ಬಳೆ, ಗಡಿಯಾರ ಬಿಚ್ಚಿಬಿಡಿ. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000. ಅಲ್ಲಿನ ಹಾವುಗಳಿಗೆ ಪ್ರಥಮ ಚಿಕಿತ್ಸೆಯ ಕ್ರಮ ಬೇರೆ, ಫೋನಿನಲ್ಲಿ ಹೇಳಿದಂತೆ ಮಾಡಿ.

ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನಕ್ಕೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐವರ ಆಸುಪಾಸು. ನಮ್ಮ ದೇಶದಲ್ಲೋ? 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ನಮ್ಮಲ್ಲಿ ಕಡಿತಗಳೇ ಬಹಳ ಹೆಚ್ಚು. ಜೊತೆಗೆ ಆಸ್ಪತ್ರೆ ಸೇರುವ ಮೊದಲು ನಾವು ಕಳೆಯುವ ಹೊತ್ತೂ ಪ್ರಾಣ ತೆಗೆಯುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ ನಮ್ಮಲ್ಲಿದೆ. 108ಕ್ಕೆ ಫೋನು ಮಾಡಿ ನೇರ ಆಸ್ಪತ್ರೆಗೆ ಹೋಗಬೇಕು. 2024ರಲ್ಲಿ ಕರ್ನಾಟಕ ಸರ್ಕಾರ, ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ನಿಯಮ ಮಾಡಿದೆ.

ನಮ್ಮ ಹಿತ್ತಲಲ್ಲಿ ಯಾರೂ ಡಬ್ಬಿ ಅಡಗಿಸಿಲ್ಲ ನಿಜ. ಆದರೆ ಸೌದೆ ರಾಶಿ, ಬೆರಣಿ ಗೂಡು, ತೆಂಗಿನ ಗರಿಯ ಗುಡ್ಡೆ, ಮೂಲೆಯಲ್ಲಿಟ್ಟ ಹಳೆ ಹಂಡೆ... ಇವೆಲ್ಲ ಆ ಕಲ್ಲಿನ ಗುಡ್ಡೆಯ ಸೋದರರೇ ಅಲ್ಲವೆ?

ಊರಿಗೆ ಬಂದು ತಿಂಗಳಾದ ಮೇಲೆ ಮೊಮ್ಮಗ ಫೋನು ಮಾಡಿದ್ದ. "ಅಜ್ಜೀ, ನಿನ್ನೆ ಕ್ಯಾಷ್ ಸಿಕ್ತು! ಮೊದಲು ಟಾರ್ಚ್ ಬಿಟ್ಟು ನೋಡಿದೆ, ಆಮೇಲೆ ಅಪ್ಪ ತೆಗೆದ್ರು." ಒಂದು ಗಳಿಗೆ ಬಿಟ್ಟು ಅವನೇ ಕೇಳಿದ: "ಆ ಪಕ್ಕದ ಮನೆ ಅಜ್ಜಿಗೆ ಯಾರೂ ತಡಿ ಅಂತ ಹೇಳ್ಲಿಲ್ವಾ?"

"ಇಲ್ಲ ಪುಟ್ಟಾ. ಅವತ್ತು ಕೊಟ್ಟಿಗೇಲಿ ಅವರೊಬ್ರೇ ಇದ್ರು" ಅಂದೆ.