ಬೇಲಿಯ ಕಳ್ಳಿ, ಕುಂಡದ ಕ್ಯಾಕ್ಟಸ್: ‘ಅಪರೂಪದ ಕಂಬ’ದ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಕಂಬದಂತೆ ನೆಟ್ಟಗೆ ನಿಂತ ಮುಳ್ಳಿನ ಗಿಡದ ಒಂದು ಫೋಟೊ. ಅದರ ಕೆಳಗೆ ಬರಹ: ‘ಇದು ಅಪರೂಪದ ಕ್ಯಾಕ್ಟಸ್. ಕಂಪ್ಯೂಟರ್ ಪಕ್ಕ ಇಟ್ಟರೆ ರೇಡಿಯೇಷನ್ ಹೀರಿಕೊಳ್ಳುತ್ತದೆ. ಇದರ ಹಾಲು ಹಚ್ಚಿದರೆ ನರಹುಲಿ ಉದುರುತ್ತದೆ. ಬೀಜ ಬೇಕಾದವರು ಸಂಪರ್ಕಿಸಿ.’ ಇಂಥ ಫಾರ್ವರ್ಡ್‌ಗಳು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಈ ನಾಲ್ಕು ಸಾಲಿನಲ್ಲಿ ಎರಡು ಬೇರೆ ಬೇರೆ ಗಿಡಗಳು ಬೆರೆತುಹೋಗಿವೆ. ಹಾಲು ಬರುವ ಗಿಡ ಒಂದು, ರೇಡಿಯೇಷನ್ ಕಥೆ ಅಂಟಿಕೊಂಡಿರುವ ಗಿಡ ಇನ್ನೊಂದು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ದುಡ್ಡು ಹೋಗುವುದು ಸಣ್ಣ ಮಾತು, ಕಣ್ಣಿಗೇ ಅಪಾಯವಾಗಬಹುದು.

ನಮ್ಮ ಬೇಲಿಯಲ್ಲಿರುವುದು ಕ್ಯಾಕ್ಟಸ್ ಅಲ್ಲವೇ?

ಹಿಪ್ಪರಗಿ ಬ್ಯಾರೇಜಿನ ಸುತ್ತ ಕಬ್ಬಿನ ಹಸಿರು. ಅಲ್ಲಿಂದ ಜಮಖಂಡಿ, ಬೀಳಗಿ ಕಡೆಯ ಒಣಭೂಮಿಗೆ ಹೋದರೆ ಹೊಲದ ಬದುವಿನಲ್ಲಿ, ಹಿತ್ತಲ ಬೇಲಿಯಲ್ಲಿ ಕಾಣುವುದು ಕಳ್ಳಿ. ಮೂರ್ನಾಲ್ಕು ಏಣಿನ ಚದುರಗಳ್ಳಿ, ಪೆನ್ಸಿಲ್‌ನಂಥ ಹಸಿರು ಕಡ್ಡಿಗಳ ಬೊಂತೆಕಳ್ಳಿ, ತುದಿಯಲ್ಲಿ ಎಲೆ ಬಿಡುವ ಎಲೆಗಳ್ಳಿ. ಇವು ಯಾವುವೂ ಕ್ಯಾಕ್ಟಸ್ ಅಲ್ಲ. ಇವೆಲ್ಲ ಯೂಫೋರ್ಬಿಯ ಎಂಬ ಕುಲಕ್ಕೆ ಸೇರಿದವು, ಔಡಲ ಗಿಡದ ಸಂಬಂಧಿಕರು. ಬೊಂತೆಕಳ್ಳಿಯ ವೈಜ್ಞಾನಿಕ ಹೆಸರು ಯೂಫೋರ್ಬಿಯ ತಿರುಕಳ್ಳಿ. ಮಲಬಾರಿನ ಜನ ಕರೆಯುತ್ತಿದ್ದ ಹೆಸರನ್ನೇ 1753ರಲ್ಲಿ ಲಿನೇಯಸ್ ಎತ್ತಿಕೊಂಡ. ನಮ್ಮ ‘ಕಳ್ಳಿ’ ಹೀಗೆ ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕ ಸೇರಿತು.

ಕ್ಯಾಕ್ಟಸ್ ಕುಟುಂಬದ ತವರು ಅಮೆರಿಕ ಖಂಡಗಳು. ಅಲ್ಲಿಯ ಮರುಭೂಮಿಯಲ್ಲಿ ನೀರು ಉಳಿಸಲು ಕಾಂಡ ದಪ್ಪಗಾಯಿತು, ಎಲೆ ಮುಳ್ಳಾಯಿತು. ಆಫ್ರಿಕ ಮತ್ತು ಏಷ್ಯಾದ ಒಣನೆಲದಲ್ಲಿ ಕೆಲವು ಯೂಫೋರ್ಬಿಯಗಳೂ ಅದೇ ಉಪಾಯ ಕಂಡುಕೊಂಡವು. ಎರಡೂ ಒಂದೇ ಥರ ಕಾಣುವುದಕ್ಕೆ ಕಾರಣ ಒಂದೇ ಥರದ ಕಷ್ಟ, ರಕ್ತಸಂಬಂಧವಲ್ಲ. ನಮ್ಮ ಕಡೆ ಬೇಲಿಯಲ್ಲಿ ಸಾಮಾನ್ಯವಾಗಿ ಸಿಗುವ ನಿಜವಾದ ಕ್ಯಾಕ್ಟಸ್ ಎಂದರೆ ಚಪ್ಪಟೆ ಹಾಳೆಗಳ ಪಾಪಾಸುಕಳ್ಳಿ, ಅದೂ ಹೊರಗಿನಿಂದ ಬಂದದ್ದು. ಅದರ ಕಥೆಯಲ್ಲೂ ಒಂದು ಗುರುತಿನ ಎಡವಟ್ಟಿದೆ. ಕೆಂಪು ಬಣ್ಣ ಕೊಡುವ ಕಾಚಿನೀಲ್ ಕೀಟವೆಂದು ತಿಳಿದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹುಳು ತರಿಸಿದರು. ಬಂದದ್ದು ಅದರ ಕಾಡುಜಾತಿಯ ದಾಯಾದಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಹುಳು ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಊರೂರಲ್ಲಿ ತಿಂದು ಮುಗಿಸಿತು.

ಮುಳ್ಳಿನ ಬುಡ ನೋಡಿ

ಗುರುತಿಸುವುದು ಸುಲಭ. ಕ್ಯಾಕ್ಟಸ್‌ನ ಮುಳ್ಳುಗಳು ಗುಂಪಾಗಿ ಏಳುತ್ತವೆ, ಪ್ರತಿ ಗುಂಪಿನ ಬುಡದಲ್ಲಿ ಹತ್ತಿಯಂಥ ಒಂದು ಪುಟ್ಟ ಮೆತ್ತೆ ಇರುತ್ತದೆ. ಕಳ್ಳಿಯಲ್ಲಿ ಈ ಮೆತ್ತೆ ಇಲ್ಲ. ಚದುರಗಳ್ಳಿಯಂಥವುಗಳಲ್ಲಿ ಮುಳ್ಳು ಏಣಿನ ಮೇಲೆ ಜೋಡಿ ಜೋಡಿಯಾಗಿರುತ್ತದೆ. ಕಂಬದ ಕ್ಯಾಕ್ಟಸ್ ಅಂಗೈ ಅಗಲದ ಹೂ ಬಿಡಬಲ್ಲದು. ಕಳ್ಳಿಯ ಹೂ ಕಾಳಿನಷ್ಟು ಚಿಕ್ಕದು. ಕತ್ತರಿಸಿದರೆ ಕಳ್ಳಿಯಿಂದ ಬಿಳಿ ಹಾಲು ಸುರಿಯುತ್ತದೆ, ಆದರೆ ದಯವಿಟ್ಟು ಕತ್ತರಿಸಿ ಪರೀಕ್ಷೆ ಮಾಡಬೇಡಿ.

ಏಕೆಂದರೆ ಆ ಹಾಲಿನಲ್ಲಿರುವ ಡೈಟರ್ಪೀನ್ ಎಸ್ಟರ್ ಎಂಬ ರಾಸಾಯನಿಕಗಳು ಚರ್ಮ ಸುಡುತ್ತವೆ, ಕಣ್ಣಿನ ಕಾರ್ನಿಯಾವನ್ನು ಗಾಯಗೊಳಿಸುತ್ತವೆ. ಬೇಲಿ ಸವರುವಾಗ, ಕುಂಡ ಬದಲಿಸುವಾಗ ಹಾಲು ಸಿಡಿದು ಆಸ್ಪತ್ರೆ ಸೇರಿದವರ ಪ್ರಕರಣಗಳು ಕಣ್ಣಿನ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮೋಸದ ವಿಷಯವೆಂದರೆ, ಮೊದಲು ಬರೀ ಉರಿ, ನೀರು ಸುರಿಯುವುದು ಅನ್ನಿಸಿದ್ದು ಕೆಲವು ಗಂಟೆಗಳ ನಂತರ ಹೆಚ್ಚಾಗಿ, ದೃಷ್ಟಿ ಮಂಜಾಗಬಹುದು. ಹಾಲು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ತಕ್ಷಣ ಶುದ್ಧ ನೀರಿನಿಂದ ಕನಿಷ್ಠ 15–20 ನಿಮಿಷ ತೊಳೆಯಿರಿ, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಔಡಲೆಣ್ಣೆ, ಎದೆಹಾಲು ಯಾವುದನ್ನೂ ಹಾಕಬೇಡಿ. ಯಾವ ಗಿಡದ ಹಾಲು ಎಂದು ವೈದ್ಯರಿಗೆ ಹೇಳಿ; ಅದರ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ.

‘ಆಯುರ್ವೇದದಲ್ಲಿ ಕಳ್ಳಿಹಾಲು ಬಳಸುತ್ತಾರಲ್ಲ?’ ಎಂದು ಕೇಳಬಹುದು. ನಿಜ, ಭಗಂದರ ಚಿಕಿತ್ಸೆಯ ಕ್ಷಾರಸೂತ್ರಕ್ಕೆ ಎಲೆಗಳ್ಳಿಯ ಹಾಲು, ಉತ್ತರಾಣಿ ಕ್ಷಾರ, ಅರಿಸಿನವನ್ನು ಪದರ ಪದರವಾಗಿ ಲೇಪಿಸುತ್ತಾರೆ. ಅದನ್ನು ಮಾಡುವುದು ತರಬೇತಾದ ವೈದ್ಯರು, ಹಾಕುವುದೂ ಅವರೇ. ಬೇಲಿಯಿಂದ ಕಡ್ಡಿ ಮುರಿದು ಮಗುವಿನ ನರಹುಲಿಗೆ ಹಚ್ಚುವುದಕ್ಕೆ ಅದು ಸಮರ್ಥನೆಯಾಗದು. ಇದೇ ಕುಲದ ಇನ್ನೊಂದು ಗಿಡದ ಹಾಲಿನ ಅಂಶದಿಂದ ಇಂಜೆನಾಲ್ ಮೆಬ್ಯುಟೇಟ್ ಎಂಬ ಚರ್ಮದ ಜೆಲ್ ಬಂದಿತ್ತು. ಶುದ್ಧಗೊಳಿಸಿ, ಅಳತೆಯಲ್ಲಿ ಕೊಡುತ್ತಿದ್ದ ಆ ಔಷಧದಿಂದಲೂ ಚರ್ಮದ ಕ್ಯಾನ್ಸರ್ ಹೆಚ್ಚಬಹುದೆಂದು ಕಂಡಾಗ, 2020ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಲಾಭಕ್ಕಿಂತ ಅಪಾಯವೇ ಹೆಚ್ಚು ಎಂದು ತೀರ್ಮಾನಿಸಿತು.

ರೇಡಿಯೇಷನ್ ಹೀರುತ್ತದೆಯೇ?

ಇಲ್ಲ. ಈ ಕಥೆ ಹೆಚ್ಚಾಗಿ ಸಿರಿಯಸ್ ಪೆರುವಿಯಾನಸ್ ಎಂಬ ಕಂಬದ ಕ್ಯಾಕ್ಟಸ್ ಹೆಸರಿನಲ್ಲಿ ಓಡಾಡುತ್ತದೆ. ನೀರು ತುಂಬಿದ ಕಾಂಡ ತನ್ನ ಮೇಲೆ ಬಿದ್ದ ರೇಡಿಯೊ ಅಲೆಗಳನ್ನು ಸ್ವಲ್ಪ ತಡೆಯುತ್ತದೆ; ಒಂದು ಬಿಂದಿಗೆ ನೀರೂ ಅಷ್ಟು ಮಾಡುತ್ತದೆ. ಆದರೆ ಪಕ್ಕದಲ್ಲಿ ಕುಳಿತು ಅಲೆಗಳನ್ನು ಅಯಸ್ಕಾಂತದಂತೆ ಎಳೆದುಕೊಳ್ಳುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಇದ್ದಿದ್ದರೆ ಕ್ಯಾಕ್ಟಸ್ ಇಟ್ಟ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ಲೇ ಸಿಗುತ್ತಿರಲಿಲ್ಲ, ಈ ಫಾರ್ವರ್ಡ್ ಕೂಡ ಬರುತ್ತಿರಲಿಲ್ಲ!

‘ಅಪರೂಪದ ತಳಿ’ಯ ಬೀಜ

ನಿಜಕ್ಕೂ ಅಪರೂಪದ ಕಂಬ ಕ್ಯಾಕ್ಟಸ್‌ಗಳಿವೆ, ಅವನ್ನು ಹುಡುಕಿ ಕೂಡಿಹಾಕುವುದು ಸೊಗಸಾದ ಹವ್ಯಾಸ. ಮೈಯೆಲ್ಲ ಗಂಟುಗಂಟಾಗಿ ಬೆಳೆಯುವ ಸಿರಿಯಸ್, ತಿರುಪಿನಂತೆ ಸುತ್ತಿಕೊಂಡು ಏಳುವ ಸಿರಿಯಸ್ ಫೋರ್ಬೆಸಿ ಸ್ಪೈರಾಲಿಸ್, ಏಣಿನ ಮೇಲೆ ದುಂಡಗಿನ ಉಬ್ಬುಗಳಿರುವ ಜಪಾನಿನ ಫುಕುರೋಕುರ್ಯೂಜಿನ್‌ಬೊಕು. ಹೆಸರು ಒಂದೇ ಉಸಿರಿಗೆ ಹೇಳಲು ನನಗೂ ಬರುವುದಿಲ್ಲ. ಬ್ರೆಜಿಲ್‌ನ ಪಿಲೊಸೊಸಿರಿಯಸ್ ಅಂತೂ ಹುಟ್ಟಾ ನೀಲಿ, ಮೈಮೇಲಿನ ಮೇಣದ ಪದರದಿಂದ ಬರುವ ಬಣ್ಣ ಅದು. ಆದರೆ ಮುಳ್ಳಿಗೂ ಕಾಂಡಕ್ಕೂ ಒಂದೇ ಗಾಢ ನೀಲಿ ಅಥವಾ ಗುಲಾಬಿ ಬಣ್ಣವಿದ್ದರೆ ಅದು ಸ್ಪ್ರೇ ಪೇಂಟ್. ‘ಕೋರಲ್ ಕ್ಯಾಕ್ಟಸ್’ ಎಂದು ಮಾರುವ ಸುರುಳಿ ಅಂಚಿನ ಗಿಡವಂತೂ ಕ್ಯಾಕ್ಟಸ್ಸೇ ಅಲ್ಲ. ಎಲೆಗಳ್ಳಿಯ ಬುಡಕ್ಕೆ ಇನ್ನೊಂದು ಕಳ್ಳಿಯನ್ನು ಕಸಿ ಮಾಡಿದ್ದು. ಅದರಲ್ಲೂ ಹಾಲಿದೆ, ಮಕ್ಕಳ ಕೈಗೆ ಸಿಗದಂತೆ ಇಡಿ.

ಈ ವಿಚಿತ್ರ ತಳಿಗಳನ್ನು ಬೀಜದಿಂದ ಏಕೆ ಪಡೆಯಲಾಗದು ಎಂಬುದು ಕಬ್ಬು ಬೆಳೆಯುವವರಿಗೆ ಬೇಗ ಅರ್ಥವಾಗುತ್ತದೆ. ನಾವು ‘ಕಬ್ಬಿನ ಬೀಜ’ ಅನ್ನುವುದು ಕಣ್ಣಿರುವ ತುಂಡನ್ನು. ತುಂಡು ನೆಟ್ಟರೆ 86032 ಮತ್ತೆ 86032 ಆಗಿಯೇ ಬರುತ್ತದೆ. ಕಬ್ಬಿನ ಸೂಲಂಗಿಯಲ್ಲಿ ಕಟ್ಟುವ ನಿಜವಾದ ಬೀಜ ಬಿತ್ತಿದರೆ ಒಂದೊಂದು ಸಸಿ ಒಂದೊಂದು ಥರ. ಗಂಟು ಕ್ಯಾಕ್ಟಸ್ಸೂ ಹಾಗೆಯೇ. ಬೆಳೆಯುವ ತುದಿಯಲ್ಲಾದ ಬದಲಾವಣೆಯಿಂದ ಅದಕ್ಕೆ ಆ ರೂಪ ಬಂದಿರುತ್ತದೆ, ಅದು ಉಳಿಯುವುದು ತುಂಡು ಅಥವಾ ಕಸಿಯಿಂದ. ಬೀಜದಿಂದ ಎದ್ದವು ಬಹುಪಾಲು ಸಾಮಾನ್ಯ ಸಸಿಗಳೇ. ವೇಗದ ಮಾತೂ ಹೀಗೇ: ಅಮೆರಿಕದ ಸಗುವಾರೊ ಕ್ಯಾಕ್ಟಸ್ ಮೊದಲ ಎಂಟು ವರ್ಷಗಳಲ್ಲಿ ಬೆಳೆಯುವುದು ಹೆಚ್ಚೆಂದರೆ ಒಂದೂವರೆ ಇಂಚು. ‘ಆರು ತಿಂಗಳಲ್ಲಿ ಕಂಬ’ ಎಂಬ ಜಾಹೀರಾತಿನ ಪೊಟ್ಟಣದಲ್ಲಿ ಬೀಜ ಯಾವುದೇ ಇರಲಿ, ಮಾತು ಸುಳ್ಳು.

ವಿದೇಶದಿಂದ ಗಿಡ ತರಿಸುವುದಾದರೆ ಆಮದು ಪರವಾನಗಿ, ಗಿಡದ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಕ್ಯಾಕ್ಟಸ್ ಕುಟುಂಬದ ಹೆಚ್ಚುಕಡಿಮೆ ಎಲ್ಲ ಗಿಡಗಳೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ, ಏಕೆಂದರೆ ಕಾಡಿನಿಂದ ಕಿತ್ತು ಮಾರುವ ಕಳ್ಳಸಾಗಣೆ ದೊಡ್ಡದಿದೆ. 2020ರಲ್ಲಿ ಇಟಲಿಯ ಪೊಲೀಸರು ಒಂದೇ ಪ್ರಕರಣದಲ್ಲಿ ಚಿಲಿಯಿಂದ ಕದ್ದು ತಂದ ಸುಮಾರು 1,000 ಕ್ಯಾಕ್ಟಸ್‌ಗಳನ್ನು ವಶಪಡಿಸಿಕೊಂಡಿದ್ದರು. ನೋಡುವುದಷ್ಟೇ ಆಸೆಯಾದರೆ ಹರಿಯಾಣದ ಪಂಚಕುಲದಲ್ಲಿ 1987ರಲ್ಲಿ ಆರಂಭವಾದ, ಸುಮಾರು 7 ಎಕರೆಯ ರಾಷ್ಟ್ರೀಯ ಕ್ಯಾಕ್ಟಸ್ ಉದ್ಯಾನವಿದೆ.

ನಮ್ಮ ಹವೆಗೆ ಬರುತ್ತದೆಯೇ?

ಬಿಸಿಲಿನ ಮಟ್ಟಿಗೆ ಚೆನ್ನಾಗಿ ಬರುತ್ತದೆ. ಕಷ್ಟ ಇರುವುದು ಎರೆ ಮಣ್ಣಿನಲ್ಲಿ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಕೊಳೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಗರಸು ಮತ್ತು ದಪ್ಪ ಮರಳು, ಉಳಿದದ್ದು ಮಸಾರಿ ಮಣ್ಣು, ಸ್ವಲ್ಪ ಹಳೆ ಗೊಬ್ಬರ, ತಳದಲ್ಲಿ ತೂತಿರುವ ಕುಂಡ. ನರ್ಸರಿಯ ನೆರಳು ಪರದೆಯಡಿ ಬೆಳೆದ ಗಿಡವನ್ನು ಏಪ್ರಿಲ್ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಕ್ಯಾಕ್ಟಸ್ ಆದರೂ ಸುಡುತ್ತದೆ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಗೆಳೆಯರಿಂದ ತುಂಡು ಸಿಕ್ಕರೆ ಕಬ್ಬಿನ ತುಂಡಿನಂತೆ ಕೂಡಲೇ ಹಸಿ ಮಣ್ಣಿಗೆ ಹಾಕಬೇಡಿ. ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾಗುವವರೆಗೆ, ಒಂದೆರಡು ವಾರ, ನೆರಳಲ್ಲಿಡಿ. ಆಮೇಲೆ ಒಣ ಮಣ್ಣಿನಲ್ಲಿ ನೆಡಿ, ಮೊದಲ ವಾರ ನೀರು ಬೇಡ.