ಬೆಲೆ ಕಳೆದುಕೊಂಡ ಷೇರುಗಳು ಮತ್ತು ತೆರಿಗೆ ನಷ್ಟ

1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋದುದನ್ನು ಕಂಡ ನಮ್ಮ ವರ್ತಕರಿಗೆ, ಕಾರ್ಖಾನೆ ನಿಂತರೆ ಷೇರಿನ ಗತಿಯೇನೆಂದು ಬೇರೆ ಹೇಳಬೇಕಿಲ್ಲ. ಆದರೆ ಬೆಲೆ ಕುಸಿದ ಮಾತ್ರಕ್ಕೆ ಆದಾಯ ತೆರಿಗೆ ಕಾನೂನು ನಷ್ಟವನ್ನು ಒಪ್ಪದು, ಷೇರು ವರ್ಗಾವಣೆಯಾಗಿರಬೇಕು. ಆದ್ದರಿಂದ ವಹಿವಾಟು ನಡೆಯುತ್ತಿರುವಾಗಲೇ ಅತ್ಯಲ್ಪ ಬೆಲೆಗಾದರೂ ಮಾರುವುದು ಲೇಸು. ದಾನವಾಗಿ ಕೊಟ್ಟರೆ ನಷ್ಟ ದೊರೆಯದು. ಕಾಗದದ ಷೇರುಗಳಿದ್ದಲ್ಲಿ ಮೊದಲು ಡಿಮ್ಯಾಟ್ ಮಾಡಿಸತಕ್ಕದ್ದು.

ಪಟ್ಟೀಕೃತ ಷೇರನ್ನು 12 ತಿಂಗಳಿಗೂ ಮೀರಿ ಇಟ್ಟುಕೊಂಡು ಮಾರಿದಾಗ ಆಗುವ ನಷ್ಟವನ್ನು ದೀರ್ಘಾವಧಿ ಬಂಡವಾಳ ಲಾಭದಲ್ಲಿ, ಉದಾಹರಣೆಗೆ ಹಳೆಯ ನಿವೇಶನ ಮಾರಿದ ಲಾಭದಲ್ಲಿ, ಕಳೆಯಬಹುದು. ವ್ಯಾಪಾರದ ಲಾಭದಲ್ಲಿ ಕಳೆಯುವಂತಿಲ್ಲ. ಉಳಿದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬೇಕಾದರೆ ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾಗಿರಬೇಕು. ಖರೀದಿಯ ದಾಖಲೆಗಳನ್ನು ಜೋಪಾನವಾಗಿರಿಸಿ, ಮಾರ್ಚ್ 31ಕ್ಕೆ ಮುನ್ನವೇ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಹಿತಕರ.