ಘಾಟಿಯ ಹಾದಿಯಲ್ಲಿ ಮೊದಲ ಆಸರೆ

ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿ ಘಾಟಿಯಲ್ಲಿ ೩೬ ಕಡಿದಾದ ತಿರುವುಗಳಿವೆ. ಪ್ರವಾಸಿಗಳಿಗೆ ಅವು ಕಣ್ಣಿಗೆ ಹಬ್ಬ. ಹೆರಿಗೆಯ ನೋವಿನಿಂದ ನರಳುವ ತಾಯಿಗೆ, ಹಾವು ಕಚ್ಚಿದ ಕೂಲಿಯಾಳಿಗೆ ಒಂದೊಂದು ತಿರುವೂ ಒಂದೊಂದು ಗಂಡಾಂತರ. ಹಿಂದೆ ಇಂಥ ಹಾದಿಯಲ್ಲಿ ರೋಗಿಯ ಪಕ್ಕದಲ್ಲಿರುತ್ತಿದ್ದವರು ಹೆಚ್ಚಾಗಿ ದೇವರನ್ನು ನೆನೆಯುವ ಬಂಧುಗಳೇ. ೨೦೦೮ರಲ್ಲಿ ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ೧೦೮ ಆಂಬುಲೆನ್ಸ್ ಸೇವೆ ಆರಂಭವಾದ ಮೇಲೆ ಚಾಲಕನೊಡನೆ ತರಬೇತಿ ಪಡೆದ ತುರ್ತುಚಿಕಿತ್ಸಾ ಸಹಾಯಕರೊಬ್ಬರೂ ಬರತೊಡಗಿದರು. ಅವರು ವೈದ್ಯರಲ್ಲ, ಆದರೆ ಆಸ್ಪತ್ರೆಯ ಬಾಗಿಲು ಮುಟ್ಟುವ ತನಕ ರೋಗಿಯ ಜೀವಕ್ಕೆ ಅವರೇ ಕಾವಲು.

ಈ ಉದ್ಯೋಗಕ್ಕೆ ನಮ್ಮ ಗಡಿನಾಡಿನ ಮಕ್ಕಳು ಏಕೆ ಸಿದ್ಧರಾಗಬಾರದು? ಓದುಗ ಬಂಧುಗಳ ಮುಂದೆ ನಾವಿಡುವ ಪ್ರಶ್ನೆ ಇದು.

ಕಲಿಯಬೇಕಾದ ವಿದ್ಯೆ ಸಣ್ಣದಲ್ಲ. ಹೃದಯ ನಿಂತವರ ಎದೆಯ ನಡುವೆ ನಿಮಿಷಕ್ಕೆ ೧೦೦ರಿಂದ ೧೨೦ ಬಾರಿ, ೫ ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತುವುದು, ಉಸಿರಿನ ಮಾರ್ಗವನ್ನು ತೆರವು ಮಾಡುವುದು, ನೆತ್ತರು ಹರಿಯುವುದನ್ನು ತಡೆಯುವುದು, ಮುರಿದ ಎಲುಬಿಗೆ ದಬ್ಬೆ ಕಟ್ಟುವುದು, ದಾರಿಯಲ್ಲಿಯೇ ಹೆರಿಗೆಯಾದರೆ ತಾಯಿಮಗುವನ್ನು ಕಾಪಾಡುವುದು, ಇವೆಲ್ಲ ಕೈಗೆ ರೂಢಿಯಾಗಬೇಕು. ಹಾವು ಕಚ್ಚಿದಾಗ ಗಾಯವನ್ನು ಕೊಯ್ಯಬಾರದು, ಹಗ್ಗ ಬಿಗಿಯಬಾರದು. ಕಚ್ಚಿದ ಕೈಕಾಲು ಅಲುಗದಂತೆ ಇರಿಸಿ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು.

ಪುಸ್ತಕವೊಂದೇ ಕಲಿಸಲಾರದ ವಿದ್ಯೆಯೂ ಒಂದುಂಟು. ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳಿದರೆ ರೋಗಿ ಉತ್ತರಿಸುವುದು ತನ್ನ ತಾಯಿಮಾತಿನಲ್ಲಿ. ನೀಲಗಿರಿಯಲ್ಲಿ ತಮಿಳು, ಮಲಯಾಳ, ಕನ್ನಡ, ಬಡಗ ನುಡಿಗಳಲ್ಲದೆ ಪಣಿಯ, ಬೆಟ್ಟಕುರುಂಬ ಮೊದಲಾದವರ ನುಡಿಗಳೂ ಇವೆ. ಭಾರತದಲ್ಲಿ ಕುಡುಗೋಲು ಕಣದ ರಕ್ತದೋಷವನ್ನು ಮೊದಲು ಗುರುತಿಸಿದ್ದು ೧೯೫೨ರಲ್ಲಿ, ಈ ಬೆಟ್ಟಗಳ ಬುಡಕಟ್ಟುಗಳಲ್ಲಿಯೇ. ಆ ರೋಗದ ನೋವು ಕೆರಳಿದಾಗ ಹೊರಗೆ ಗಾಯವೇ ಕಾಣದಿರಬಹುದು. ರೋಗಿಯ ಮಾತು ತಿಳಿಯದವರಿಗೆ ಅವನ ರೋಗವೂ ತಿಳಿಯದು.

ಗೂಡಲೂರು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ೧೯೮೬ರಲ್ಲಿ ಆದಿವಾಸಿಗಳ ನಡುವೆ 'ಅಕಾರ್ಡ್' ಸಂಸ್ಥೆ ಕೆಲಸ ಆರಂಭಿಸಿತು. ಮರುವರ್ಷ ವೈದ್ಯದಂಪತಿಗಳಾದ ದೇವದಾಸನ್ ಹಾಗೂ ರೂಪಾ ದೇವದಾಸನ್ ಆರೋಗ್ಯಕಾರ್ಯಕ್ಕೆ ಕೈಹಾಕಿದರು. ಹೊರಗಿನವರನ್ನು ಕರೆತರುವ ಬದಲು ಆದಿವಾಸಿ ಯುವಜನರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತುಗೊಳಿಸಿದರು. ೧೯೯೦ರಲ್ಲಿ ಆದಿವಾಸಿ ಆಸ್ಪತ್ರೆ ತೆರೆದಾಗ, ದಾದಿಯರ ಕೆಲಸ ಕಲಿತು ನಿಂತವರು ಅದೇ ಹಾಡಿಗಳ ಹೆಣ್ಣುಮಕ್ಕಳು. ಆಸ್ಪತ್ರೆಯೆಂದರೆ ಹಿಂಜರಿಯುವವರಿಗೆ ತಮ್ಮ ಮಾತನ್ನಾಡುವ ದಾದಿಗಿಂತ ದೊಡ್ಡ ಧೈರ್ಯ ಯಾವುದು?

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳನ್ನು ಎತ್ತಲೂ ಸಲ್ಲದವರೆಂದು ನಾವೇ ಹೀಗಳೆಯುವುದುಂಟು. ಈ ಉದ್ಯೋಗದಲ್ಲಿಯಾದರೋ ಆ ಬಹುಭಾಷೆಯೇ ಅವರ ಬಂಡವಾಳ.

ಆದರೂ ತಂದೆತಾಯಂದಿರು ಆತುರಪಡಬಾರದು. ತಮಿಳುನಾಡಿನ ಸರಕಾರಿ ವೈದ್ಯಕೀಯ ಕಾಲೇಜುಗಳು ತುರ್ತುಚಿಕಿತ್ಸಾ ತಂತ್ರಜ್ಞರಿಗಾಗಿ ಒಂದು ವರ್ಷದ ಪ್ರಮಾಣಪತ್ರ ಶಿಕ್ಷಣವನ್ನು ನಡೆಸಿವೆ. ಉದಕಮಂಡಲದಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜು ೨೦೨೨ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಆದರೆ ೨೦೨೧ರ ಕೇಂದ್ರ ಕಾಯಿದೆಯು ಸಹವೈದ್ಯಕೀಯ ವೃತ್ತಿಗೆ ಕನಿಷ್ಠ ಎರಡು ವರ್ಷಗಳ, ೨೦೦೦ ಗಂಟೆಗಳಿಗೆ ಕಡಿಮೆಯಿಲ್ಲದ ಡಿಪ್ಲೊಮಾ ಅಥವಾ ಪದವಿಯನ್ನು ವಿಧಿಸಿದೆ. ಆದುದರಿಂದ ಹಣ ಕಟ್ಟುವ ಮುನ್ನ ಮೂರು ಮಾತುಗಳನ್ನು ಕೇಳಿ ತಿಳಿಯಿರಿ: ಪ್ರಮಾಣಪತ್ರಕ್ಕೆ ಯಾರ ಮನ್ನಣೆಯಿದೆ? ಅದು ಗಡಿಯಾಚೆಗೂ ಸಲ್ಲುವುದೇ? ಯಾವ ಆಸ್ಪತ್ರೆಯಲ್ಲಿ ಎಷ್ಟು ಗಂಟೆ ಕೈಕೆಲಸ ಕಲಿಸುತ್ತಾರೆ? ಆಸ್ಪತ್ರೆಯನ್ನೇ ತೋರಿಸದ ಶಿಕ್ಷಣ ಈಜುಕೊಳವಿಲ್ಲದ ಈಜುಪಾಠದಂತೆ.

ರಾತ್ರಿಪಾಳಿಯ ಕಷ್ಟವನ್ನೂ, ಹೆಣ್ಣುಮಕ್ಕಳನ್ನು ಕಳುಹಿಸಲು ಹಿರಿಯರಿಗಿರುವ ಅಳುಕನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಘಾಟಿಯಲ್ಲಿ ನಡುರಾತ್ರಿ ನರಳುವವಳು ನಾಳೆ ನಮ್ಮ ಮನೆಯ ಸೊಸೆಯೇ ಆಗಿರಬಹುದು. ಆಗ ಅವಳ ಕೈಹಿಡಿದು 'ಹೆದರಬೇಡಮ್ಮ' ಎಂದು ಅವಳ ನುಡಿಯಲ್ಲೇ ಹೇಳಬಲ್ಲ, ಹೇಳಿದಂತೆ ನಡೆಸಬಲ್ಲ ಒಬ್ಬರು ಬೇಕು. ಅಂಥವರು ನಮ್ಮ ಮನೆಗಳಿಂದಲೇ ಬರಲಿ.